ನೀರಿಗಿಳಿದ ವಿದ್ಯೆ
(‘ಸ್ಪೇರ್ ಪಾರ್ಟ್ಸ್’ ಚಿತ್ರ: ಒಂದು ವಿಮರ್ಶೆ)

2015ರಲ್ಲಿ ತೆರೆಕಂಡ ‘ಸ್ಪೇರ್ ಪಾರ್ಟ್ಸ್’ ಎಂಬ ಇಂಗ್ಲಿಷ್ ಚಿತ್ರವನ್ನು ಮೊನ್ನೆ ಭಾನುವಾರ ವರ್ತಕ ನಗರದ ನಮ್ಮ ಮನೆಯಲ್ಲಿ ಮಕ್ಕಳೊಡನೆ ಕುಳಿತು ನೋಡಿದೆವು. ನಿರ್ದೇಶಕ ಷಾನ್ ಮೆಕ್‌ನಮಾರಾ. ಜೋಶುವಾ ಡೇವಿಸ್ ಬರೆದ ನಿಜಸಂಗತಿಯೊಂದು ಇದಕ್ಕೆ ಆಧಾರ.

ಅಮೆರಿಕದ ಮರುಭೂಮಿಯ ನಗರ ಫೀನಿಕ್ಸ್. ಅಲ್ಲಿನ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಹುಡುಗರು, ಮೆಕ್ಸಿಕೋದಿಂದ ಕಾಗದಪತ್ರಗಳಿಲ್ಲದೆ ಬಂದ ಬಡವರು, 2004ರಲ್ಲಿ ಸಾಂತಾ ಬಾರ್ಬರಾದಲ್ಲಿ ನಡೆದ ನೀರೊಳಗಿನ ರೋಬಾಟ್ ಸ್ಪರ್ಧೆಗೆ ಹೋದರು. ಕೂಡಿಸಿದ ಹಣ ಸುಮಾರು 800 ಡಾಲರ್. ಪಿ.ವಿ.ಸಿ. ಪೈಪೇ ಯಂತ್ರದ ಚೌಕಟ್ಟು. ಅಂಟಿನ ವಾಸನೆಯಿಂದಾಗಿ ಅದರ ಹೆಸರು ‘ಸ್ಟಿಂಕಿ’. ಎಂ.ಐ.ಟಿ.ಯ ತಂಡವನ್ನೂ ಹಿಂದಿಕ್ಕಿ ಮೊದಲ ಸ್ಥಾನ ಪಡೆದರು!

ಯಂತ್ರದ ಪೆಟ್ಟಿಗೆಯೊಳಗೆ ನೀರು ಜಿನುಗಿದಾಗ, ತೇವ ಹೀರಲೆಂದು ಹೆಂಗಸರು ಬಳಸುವ ಟ್ಯಾಂಪನ್‌ಗಳನ್ನು ಅಂಗಡಿಯಿಂದ ತಂದಿಟ್ಟ ಪ್ರಸಂಗ ನಿಜವಾಗಿ ನಡೆದದ್ದು. ಕೈಗೆ ಸಿಕ್ಕಿದ್ದರಿಂದ ತೊಡಕು ಬಿಡಿಸುವುದೇ ಅಲ್ಲವೆ ಇಂಜಿನಿಯರಿಂಗ್?

ಆದರೂ ನಮ್ಮ ಆಕ್ಷೇಪಗಳು ಎರಡು. ಹುಡುಗರನ್ನು ತಯಾರು ಮಾಡಿದವರು ಅಲನ್ ಕ್ಯಾಮರೂನ್, ಫ್ರೆಡಿ ಲಜ್ವರ್ಡಿ ಎಂಬ ಅದೇ ಶಾಲೆಯ ಇಬ್ಬರು ಮೇಷ್ಟ್ರು. ಚಿತ್ರ ಅವರಿಬ್ಬರನ್ನೂ ಬೆಸೆದು, ಹೊರಗಿನಿಂದ ಬಂದ ಒಬ್ಬ ಕಲ್ಪಿತ ಉದ್ಧಾರಕನನ್ನು (ಜಾರ್ಜ್ ಲೋಪೆಜ್) ನಿಲ್ಲಿಸಿದೆ. ಶಾಲೆಯ ಮೇಷ್ಟ್ರಿಂದ ಇಷ್ಟಾಗದೆಂದು ಮಕ್ಕಳು ತಿಳಿದಾರು.

ಎರಡನೆಯದು, ಪ್ರೇಮಪ್ರಸಂಗಕ್ಕೆ ಸಿಕ್ಕ ಬಿಡುವು ಯಂತ್ರಕ್ಕೆ ಸಿಕ್ಕಿಲ್ಲ. ಒಂಬತ್ತನೆಯ ತರಗತಿಯ ನಮ್ಮ ಮಗ, “ಅಪ್ಪಾ, ಪೈಪಿನೊಳಗೆ ಗಾಳಿಯಿದ್ದರೆ ಅದು ಮುಳುಗುವುದು ಹೇಗೆ?” ಎಂದ. ಆರ್ಕಿಮಿಡೀಸನನ್ನು ಬಾಯಿಪಾಠ ಮಾಡಿ ಬಿ.ಎಸ್ಸಿ. ಪಾಸಾದ ನಾವು ತಡವರಿಸಿದೆವು. ಕೊನೆಗೆ ಬಚ್ಚಲಿನ ಬಕೆಟ್ಟೇ ಗುರುವಾಯಿತು. ಬಾಟಲಿಗೆ ಮರಳು ತುಂಬುತ್ತ ಹೋದೆವು. ಅದರ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮನಾದಾಗ ಮೇಲೂ ಏಳದೆ ತಳವನ್ನೂ ಸೇರದೆ ನಡುವೆ ನಿಂತಿತು. ಆಮೇಲೆ ಅದನ್ನು ಮೇಲೆ ಕೆಳಗೆ ಒಯ್ಯಲು ಪುಟ್ಟ ಮೋಟಾರು ಸಾಕು. ಕೋಚಿಂಗ್ ಕ್ಲಾಸಿನಲ್ಲಿ ಇದೇ ಲೆಕ್ಕವನ್ನು ಅವನು ಎಷ್ಟೋ ಸಲ ಬಿಡಿಸಿದ್ದ. ಕಂಡದ್ದು ಮಾತ್ರ ಅಂದೇ.

ನಮ್ಮ ಪಕ್ಕದ ಪೊವಾಯಿಯಲ್ಲಿ ಐ.ಐ.ಟಿ. ವಿದ್ಯಾರ್ಥಿಗಳು ‘ಮತ್ಸ್ಯ’ ಎಂಬ ನೀರೊಳಗಿನ ಯಂತ್ರಗಳನ್ನು ಕಟ್ಟಿದ್ದಾರೆ. ಆದರೆ ಅಲ್ಲಿಗೆ ಹೋಗುವವರೆಗೆ ನಮ್ಮ ಮಕ್ಕಳು ಕೈಗೆ ನೀರು ಸೋಕಿಸಬಾರದೆ?

ಇನ್ನೊಂದು ಮಾತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಆ ಹುಡುಗರಿಗೆ ತಾಂತ್ರಿಕ ಬರವಣಿಗೆಯ ಬಹುಮಾನವೂ ಬಂತು. ಮನೆಯಲ್ಲಿ ಕನ್ನಡವಾಡಿದರೆ ಮಕ್ಕಳು ಹಿಂದೆ ಬಿದ್ದಾರೆಂದು ಅಂಜುವ ನಮ್ಮವರು ಇದನ್ನು ಗಮನಿಸಬೇಕು. ಚಿತ್ರವನ್ನು ಅವಶ್ಯ ನೋಡಿ. ಪಕ್ಕದಲ್ಲೊಂದು ಬಕೆಟ್ ನೀರಿರಲಿ.