ಹನಿ ಇದೆ, ಬೆಳಕೆಲ್ಲಿ?

ಕೆಂಪು ದಾಸವಾಳ, ಮೈತುಂಬ ನೀರಿನ ಹನಿ, ಹಿಂದೆ ಕಡುಗಪ್ಪು. ಈ ಥರದ ಫೋಟೋ ನೀವೂ ನೂರು ಸಲ ನೋಡಿರ್ತೀರಿ, ಲೈಕೂ ಒತ್ತಿರ್ತೀರಿ. ನನಗೆ ಮಾತ್ರ ಯಾರೋ ಹೂವಿಗೆ ಔಷಧಿ ಹೊಡೆದು ಹೋದ ಹಾಗೆ ಕಾಣುತ್ತೆ.

ಸ್ಪ್ರೇ ಬಾಟಲಿ ಹಿಡಿಯೋದೇ ತಪ್ಪು ಅಂತಲ್ಲ. ಹನಿ ಬೇಗ ಆರದಿರಲಿ ಅಂತ ನೀರಿಗೆ ಗ್ಲಿಸರಿನ್ ಬೆರೆಸೋರೂ ಇದ್ದಾರೆ. ನನ್ನ ತಕರಾರು ಹನಿಯನ್ನು ಒಡವೆ ಥರ ಹೇರೋದರ ಬಗ್ಗೆ. ಹೊಲದ ಕಡೆ ಬೆಳೆದವರು ಇಬ್ಬನಿ ನೋಡಿರ್ತಾರೆ. ಅದು ಮಳೆ ಥರ ಮೇಲಿಂದ ಬೀಳೋದಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತಣ್ಣಗಾದಾಗ ಗಾಳಿಯಲ್ಲಿರೋ ತೇವ ಅದರ ಮೇಲೇ ಹನಿಗಟ್ಟುತ್ತೆ. ಎಲೆಯಂಚಿನಲ್ಲಿ, ಸಣ್ಣ ರೋಮಗಳ ಮೇಲೆ ಸಾಸಿವೆಗಿಂತ ಚಿಕ್ಕ ಹನಿಗಳು ಕೂರುತ್ತವೆ. ಹುಲ್ಲಿನ ತುದಿಯ ದಪ್ಪ ಹನಿ ಎಷ್ಟೋ ಸಲ ಇಬ್ಬನಿಯೂ ಅಲ್ಲ, ಗಿಡವೇ ಒಳಗಿನಿಂದ ಹೊರಹಾಕಿದ ನೀರು. ಬಾಟಲಿ ನೀರಿಗೆ ಈ ಲೆಕ್ಕವೆಲ್ಲ ಎಲ್ಲಿಂದ ಬರಬೇಕು? ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರಂತೂ ನೆರಳೇ ಕಳ್ಳತನ ಹೇಳಿಬಿಡುತ್ತೆ.

ಇದಕ್ಕಿಂತ ದೊಡ್ಡ ನಷ್ಟ ಬೆಳಕಿನದು. ಹನಿ ಒಂದು ಪುಟ್ಟ ಲೆನ್ಸು. ಹಿಂದೆ ಹೂವಿದ್ದರೆ ಅದನ್ನು ತಲೆಕೆಳಗು ಮಾಡಿ ತನ್ನೊಳಗೆ ತೋರಿಸುತ್ತೆ. ಎದುರಿನಿಂದ ಫ್ಲ್ಯಾಶ್ ಹೊಡೆದಾಗ ಕಣ್ಣಿಗೆ ಬೀಳೋದು ಹನಿ ಮೇಲಿನ ಬಿಳಿ ಚುಕ್ಕೆ. ಹಿಂದಿನ ಆ ಕಪ್ಪೂ ಸಾಮಾನ್ಯವಾಗಿ ಫ್ಲ್ಯಾಶ್ ಬೆಳಕು ಅಷ್ಟು ದೂರ ಮುಟ್ಟದೆ ಆದದ್ದೇ. ಅದೇ ಬೆಳಗಿನ ಬಿಸಿಲು ಹಿಂದಿನಿಂದಲೋ ಓರೆಯಾಗೋ ಬಂದರೆ ಎಸಳಿನ ನರ ಕಾಣುತ್ತೆ, ಹನಿಯ ಅಂಚು ಬೆಳಗುತ್ತೆ.

ಇನ್ನು ಫೋಕಸ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸಿನ 1:1 ಅಳತೆಗೆ ಹೋದರೆ ಎಫ್/8ರಲ್ಲೂ ಸ್ಪಷ್ಟವಾಗಿ ಸಿಗೋದು ಹೆಚ್ಚುಕಮ್ಮಿ 1 ಮಿಲಿಮೀಟರ್ ಆಳ. ಎಫ್/16ಕ್ಕೆ ಹೋದರೆ ಅದು ದುಪ್ಪಟ್ಟಾಗುತ್ತೆ, ಆದರೆ ಡಿಫ್ರಾಕ್ಷನ್ನಿಂದ ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತೆ. ಹಾಗಾಗಿ ಐವತ್ತು ಹನಿ ಹೊಡೆದರೂ ನೆಟ್ಟಗೆ ಕಾಣೋದು ಎರಡೋ ಮೂರೋ. ಒಂದನ್ನೇ ಆರಿಸಿಕೊಂಡು, ಹನಿಯ ಮೈಗಲ್ಲ, ಅದರೊಳಗಿನ ಬಿಂಬಕ್ಕೆ ಫೋಕಸ್ ಮಾಡೋದು ವಾಸಿ.

ಹುಲ್ಲಿನ ತುದಿಗೆ ಒಂದೇ ಹನಿ, ಒಂದು ಗೇಣು ಹಿಂದೆ ಚೆಂಡು ಹೂವು ಅಂದುಕೊಳ್ಳಿ. ಹಿನ್ನೆಲೆಯಲ್ಲಿ ಅದು ಬರೀ ಹಳದಿ ಮಸುಕು. ಅದು ಹೂವು ಅಂತ ನಮಗೆ ಹೇಳೋದು ಹನಿ. ಕೋಡ್ ರಿವ್ಯೂನಲ್ಲಿ ನಾವೊಂದು ಪ್ರಶ್ನೆ ಕೇಳ್ತೀವಿ: ಈ ಸಾಲು ತೆಗೆದರೆ ಏನು ಕೆಡುತ್ತೆ? ಇಲ್ಲಿ ಹನಿ ತೆಗೆದರೆ ಫೋಟೋನೇ ಇಲ್ಲ. ಆ ದಾಸವಾಳದಿಂದ ಎಲ್ಲಾ ಹನಿ ಒರೆಸಿ ನೋಡಿ, ಏನೂ ಕೆಡಲ್ಲ. ಹೂವಾದರೂ ಕಾಣುತ್ತೆ.