ಹದಿನೈದನೆಯ ಹಾಡು

2003ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಮೊದಲ ಸ್ಥಾನದಲ್ಲಿತ್ತು. ‘ರಿವಾಲ್ವರ್’ ಮೂರನೆಯದು, ‘ರಬ್ಬರ್ ಸೋಲ್’ ಐದನೆಯದು, ‘ಆ್ಯಬಿ ರೋಡ್’ ಹದಿನಾಲ್ಕನೆಯದು. 2020ರಲ್ಲಿ ಅದೇ ಪತ್ರಿಕೆ ಹೊಸದಾಗಿ ಮತ ಕೇಳಿತು. ಪೆಪ್ಪರ್ 24ಕ್ಕೆ ಜಾರಿತ್ತು, ಆ್ಯಬಿ ರೋಡ್ 5ಕ್ಕೆ ಏರಿ ಕೂತಿತ್ತು. ಹಾಡುಗಳು ಅವೇ, ಹಾಡಿದವರೂ ಅವರೇ.

ಅಭಿರುಚಿ ಬದಲಾಯಿತು, ತಲೆಮಾರು ಬದಲಾಯಿತು ಎಂದು ವಿಮರ್ಶಕರು ಸಮಾಧಾನ ಹೇಳುತ್ತಾರೆ. ಅದು ಅರ್ಧ ನಿಜ. ಬೀಟಲ್ಸ್‌ನ ಶ್ರೇಷ್ಠ ಆಲ್ಬಮ್ ಯಾವುದೆಂದು ಅರ್ಧ ಶತಮಾನದಿಂದ ಜಗಳ ಆಡುತ್ತಿರುವವರು ಒಂದೇ ವಸ್ತುವನ್ನು ಕೇಳಿಯೇ ಇರಲಿಲ್ಲ ಎಂಬುದು ಉಳಿದರ್ಧ.

ಹಳಗನ್ನಡ ಕಾವ್ಯದ ಸಂಪಾದಕರಿಗೆ ಈ ಮಾತು ಬೇಗ ಅರ್ಥವಾದೀತು. ಓಲೆಗರಿಯ ಪ್ರತಿಗಳಲ್ಲಿರುವಂತೆ ಬೀಟಲ್ಸ್‌ಗೂ ಪಾಠಾಂತರಗಳಿವೆ. ಅಮೆರಿಕದಲ್ಲಿ ಅವರ ರೆಕಾರ್ಡು ಮಾರುತ್ತಿದ್ದ ಕ್ಯಾಪಿಟಲ್ ಕಂಪನಿ, ಲಂಡನ್ನಿನಿಂದ ಬಂದ ಆಲ್ಬಮ್‌ಗಳಿಂದ ಹಾಡುಗಳನ್ನು ಕಳಚಿ, ಕಳಚಿದ್ದನ್ನೆಲ್ಲ ಸೇರಿಸಿ ಇನ್ನೊಂದು ಆಲ್ಬಮ್ ಕಟ್ಟುತ್ತಿತ್ತು. 1966ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ 14 ಹಾಡುಗಳೊಂದಿಗೆ ಬಂದ ರಿವಾಲ್ವರ್ ಅಮೆರಿಕದಲ್ಲಿ 11ಕ್ಕೆ ಇಳಿಯಿತು. ಕಾಣೆಯಾದ ಮೂರೂ ಜಾನ್ ಲೆನನ್‌ನವು. ಎರಡು ತಿಂಗಳ ಹಿಂದೆಯೇ ‘ಯೆಸ್ಟರ್‌ಡೇ ಅಂಡ್ ಟುಡೇ’ ಎಂಬ ಕಲಸುಮೇಲೋಗರಕ್ಕೆ ಸೇರಿಹೋಗಿದ್ದವು. ಹಾಗಾಗಿ ಅಮೆರಿಕನ್ನರ ರಿವಾಲ್ವರ್‌ನಲ್ಲಿ ಲೆನನ್ ಎರಡೇ ಹಾಡಿನವನು, ಜಾರ್ಜ್ ಹ್ಯಾರಿಸನ್ ಮೂರು ಹಾಡಿನವನು! ಅದನ್ನು ಕೇಳಿ ಬೆಳೆದವನು ಪೆಪ್ಪರ್ ದೊಡ್ಡದು ಎಂದರೆ ತಪ್ಪು ಹುಡುಕುವುದು ಹೇಗೆ? ಎರಡೂ ದೇಶಗಳಲ್ಲಿ ಒಂದೇ ಹಾಡುಗಳೊಂದಿಗೆ ಬಂದ ಅವರ ಮೊದಲ ಆಲ್ಬಮ್ ಪೆಪ್ಪರ್. 1987ರಲ್ಲಿ ಸಿ.ಡಿ.ಗಳು ಬಂದಾಗ ಬ್ರಿಟಿಷ್ ಪಾಠವೇ ಜಗತ್ತಿಗೆಲ್ಲ ಪ್ರಮಾಣವಾಯಿತು. ರಿವಾಲ್ವರ್‌ನ ಮಾನ ಅಲ್ಲಿಂದ ಮುಂದೆ ಏರುತ್ತ ಹೋದದ್ದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ.

ತಪ್ಪು ಪಾಠಗಳೂ ಇತಿಹಾಸ ಮಾಡುತ್ತವೆ ಅನ್ನಿ. ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಬೆರಗಾಗಿ, ಉತ್ತರವೆಂಬಂತೆ 1966ರಲ್ಲಿ ‘ಪೆಟ್ ಸೌಂಡ್ಸ್’ ಮಾಡಿದ್ದು ರಬ್ಬರ್ ಸೋಲ್‌ನ ಅಮೆರಿಕನ್ ಪ್ರತಿಯನ್ನು ಕೇಳಿ. ಆ ಪೆಟ್ ಸೌಂಡ್ಸ್ ಪಾಲ್ ಮಕಾರ್ಟ್ನಿಯ ತಲೆ ಕೆಡಿಸಿದ್ದರಿಂದ ಪೆಪ್ಪರ್ ಆ ರೂಪ ಪಡೆಯಿತು.

ಪೆಪ್ಪರ್ ಕೇಳುವುದಕ್ಕೆ ಎಷ್ಟೋ ಕೈಯಲ್ಲಿ ಹಿಡಿಯುವುದಕ್ಕೂ ಅಷ್ಟೇ. ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಕಟ್ಟಿದ ಆ ಹೊದಿಕೆಯಲ್ಲಿ ಪರಮಹಂಸ ಯೋಗಾನಂದರಿದ್ದಾರೆ, ಲಾಹಿರಿ ಮಹಾಶಯರಿದ್ದಾರೆ. ಗಾಂಧಿಯೂ ಇದ್ದರು; ಭಾರತದಲ್ಲಿ ವ್ಯಾಪಾರ ಕೆಟ್ಟೀತೆಂದು ರೆಕಾರ್ಡ್ ಕಂಪನಿ ಇಎಂಐ ಹೆದರಿ ಅವರನ್ನು ಅಳಿಸಿಹಾಕಿತು. ಹನ್ನೆರಡು ಇಂಚಿನ ಆ ಚೌಕದಲ್ಲಿ ಕಣ್ಣಾಡಿಸುತ್ತ ಕೇಳಿದವರಿಗೆ ಅದೊಂದು ಜಾತ್ರೆ. ಹೊದಿಕೆ ತೆಗೆದಿಟ್ಟು ಕೇಳಿ: ಪೆಪ್ಪರ್ ಎಂಬ ಕಾಲ್ಪನಿಕ ಬ್ಯಾಂಡಿನ ಕಥೆ ಎರಡನೆಯ ಹಾಡು ಮುಗಿಯುತ್ತಲೇ ಕೈಕೊಡುತ್ತದೆ, ಕೊನೆಗೊಮ್ಮೆ ನೆನಪಾದಂತೆ ಮರಳುತ್ತದೆ. ಕೊನೆಯ ‘ಎ ಡೇ ಇನ್ ದ ಲೈಫ್’ ಮಾತ್ರ ಇಡೀ ಆಲ್ಬಮ್ಮನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸುತ್ತದೆ. ಅದೇ ಕೆಲಸದ ಹೊತ್ತಿನಲ್ಲಿ ಹುಟ್ಟಿದ ‘ಸ್ಟ್ರಾಬೆರಿ ಫೀಲ್ಡ್ಸ್’ ಮತ್ತು ‘ಪೆನ್ನಿ ಲೇನ್’ ಸಿಂಗಲ್ ಆಗಿ ಹೊರಟುಹೋದವು. ಸಿಂಗಲ್ ಕೊಂಡವನಿಂದ ಅದೇ ಹಾಡಿಗೆ ಮತ್ತೆ ದುಡ್ಡು ಕೇಳಬಾರದು ಎಂಬ ಬ್ರಿಟಿಷ್ ಮರ್ಯಾದೆ ಅದು. ಅವನ್ನು ಆಲ್ಬಮ್ಮಿನಿಂದ ಬಿಟ್ಟದ್ದು ತಮ್ಮ ವೃತ್ತಿಜೀವನದ ದೊಡ್ಡ ತಪ್ಪು ಎಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮುಂದೆ ಹಳಹಳಿಸಿದರು.

1968ರ ‘ವೈಟ್ ಆಲ್ಬಮ್’ ಬಗ್ಗೆಯೂ ಮಾರ್ಟಿನ್‌ಗೆ ತಕರಾರಿತ್ತು. ಹೃಷಿಕೇಶದ ಆಶ್ರಮದಲ್ಲಿ ಬರೆದುಕೊಂಡು ಬಂದ ಹಾಡುಗಳ ರಾಶಿ. ಎರಡು ತಟ್ಟೆ, 30 ಹಾಡು. ಜರಡಿ ಹಿಡಿದು ಒಂದೇ ತಟ್ಟೆ ಮಾಡೋಣ ಎಂದರೆ ಯಾರೂ ಕೇಳಲಿಲ್ಲ. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಆ ಜರಡಿಯ ಕೆಲಸವನ್ನು ಕ್ಯಾಸೆಟ್ ಮಾಡುತ್ತಿತ್ತು. ಖಾಲಿ ಕ್ಯಾಸೆಟ್ ಕೊಟ್ಟರೆ ಎಲ್‌ಪಿಯಿಂದ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದ ಕಾಲ. ಕ್ಯಾಸೆಟ್ 90 ನಿಮಿಷದ್ದು, ವೈಟ್ ಆಲ್ಬಮ್ 93 ನಿಮಿಷದ್ದು. ನನ್ನ ಅಂಗಡಿಯವರು ಎಂಟು ನಿಮಿಷಗಳ ‘ರೆವಲ್ಯೂಷನ್ 9’ ಎಂಬ ಗದ್ದಲವನ್ನು ಸದ್ದಿಲ್ಲದೆ ಕೈಬಿಟ್ಟಿದ್ದರು. ಹತ್ತು ವರ್ಷ ಕಳೆದು ಅದನ್ನು ಪೂರ್ತಿ ಕೇಳಿದಾಗ ಅವರ ಮೇಲೆ ಗೌರವ ಹೆಚ್ಚಿತು.

ಆ್ಯಬಿ ರೋಡ್ ಈಗ ಫೋನಿನ ಕಾಲದ ರಾಜ. ಎಂಟು ಟ್ರ್ಯಾಕಿನ, ಟ್ರಾನ್ಸಿಸ್ಟರ್ ಯಂತ್ರದಲ್ಲಿ ಮುದ್ರಿಸಿದ್ದರಿಂದ ಅದರ ಧ್ವನಿ ನುಣುಪು, ಇಯರ್‌ಫೋನಿಗೆ ಹಳತೆನಿಸುವುದಿಲ್ಲ. ಸ್ಪಾಟಿಫೈನಲ್ಲಿ ಬೀಟಲ್ಸ್ ಹಾಡುಗಳ ಪೈಕಿ ಅತಿ ಹೆಚ್ಚು ಕೇಳಿಸಿಕೊಂಡದ್ದು ಅದರಲ್ಲಿರುವ ‘ಹಿಯರ್ ಕಮ್ಸ್ ದ ಸನ್’. ಆದರೆ ಆ ಸೂರ್ಯ ಎಲ್ಲಿಂದ ಹುಟ್ಟುತ್ತಾನೆ ಎಂಬುದು ಫೋನಿಗೆ ಗೊತ್ತಿಲ್ಲ. ಮೊದಲ ಮಗ್ಗುಲಿನ ಕೊನೆಯಲ್ಲಿ ಲೆನನ್‌ನ ‘ಐ ವಾಂಟ್ ಯು’ ಬಿರುಗಾಳಿಯಂತೆ ದಟ್ಟೈಸುತ್ತ ದಟ್ಟೈಸುತ್ತ, ಕತ್ತರಿಯಲ್ಲಿ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಎದ್ದು ಹೋಗಿ ತಟ್ಟೆ ಮಗುಚಬೇಕು. ಆ ಅರ್ಧ ನಿಮಿಷದ ನಿಶ್ಶಬ್ದದಾಚೆ ಹ್ಯಾರಿಸನ್‌ನ ಗಿಟಾರ್ ತೊಟ್ಟಿಕ್ಕುತ್ತದೆ. ಆ ಎದ್ದು ಹೋಗುವುದೂ ಸಂಯೋಜನೆಯ ಭಾಗವೇ.

ನನ್ನ ಮತ ರಿವಾಲ್ವರ್‌ಗೆ. 35 ನಿಮಿಷ, ಒಂದು ಹಾಡಿನಂತೆ ಇನ್ನೊಂದಿಲ್ಲ. ‘ಎಲಿನಾರ್ ರಿಗ್ಬಿ’ಯಲ್ಲಿ ನಾಲ್ವರಲ್ಲಿ ಒಬ್ಬನೂ ವಾದ್ಯ ಮುಟ್ಟಿಲ್ಲ, ನಾಲ್ಕು ಪಿಟೀಲು, ಎರಡು ವಯೋಲಾ, ಎರಡು ಚೆಲ್ಲೊ. ಸಿನಿಮಾದಲ್ಲಿ ಕಣ್ಣೀರಿಗೆ ಕರೆತರುವ ಪಿಟೀಲುಗಳಂತೆ ಅವು ಅಳುವುದಿಲ್ಲ. ಧ್ವನಿಮುದ್ರಣದ ಎಂಜಿನಿಯರ್, ಇಪ್ಪತ್ತರ ಹುಡುಗ ಜೆಫ್ ಎಮೆರಿಕ್ ಮೈಕನ್ನು ತಂತಿಗೆ ತಾಗುವಷ್ಟು ಹತ್ತಿರ ಇಟ್ಟಿದ್ದರಿಂದ ಕಮಾನಿನ ಒರಟು ಹಾಗೇ ಉಳಿದಿದೆ. ‘ಯೆಲ್ಲೊ ಸಬ್‌ಮರೀನ್’ ಮಕ್ಕಳಾಟ, ‘ಡಾಕ್ಟರ್ ರಾಬರ್ಟ್’ ಸಾಧಾರಣ, ಒಪ್ಪುತ್ತೇನೆ. ಅನಿಲ್ ಭಾಗವತರ ತಬಲಾದೊಂದಿಗೆ ಹ್ಯಾರಿಸನ್ ಸಿತಾರ್ ಹಿಡಿದ ‘ಲವ್ ಯು ಟು’ ನಮ್ಮ ಕಿವಿಗೆ, ಜಂಟಿವರಸೆ ದಾಟದ ಹುಡುಗ ಕಛೇರಿಗೆ ಕೂತಂತೆ ಕೇಳಿಸುತ್ತದೆ.

ಭಾರತದಿಂದ ಅವರು ನಿಜಕ್ಕೂ ಕಲಿತದ್ದು ಕಾಣುವುದು ಕೊನೆಯ ‘ಟುಮಾರೊ ನೆವರ್ ನೋಸ್’ನಲ್ಲಿ. ರಾಗದ ಹಂಗಿಲ್ಲ, ಆದರೆ ತಂಬೂರಿ ಮೀಟಿದ ಶ್ರುತಿಯಿದೆ. ಕಾರ್ಡ್ ಬದಲಿಸಿ ಬದಲಿಸಿಯೇ ಹೊಟ್ಟೆ ಹೊರೆದ ಪಾಪ್ ಸಂಗೀತ ಇಲ್ಲಿ ಹೆಚ್ಚುಕಡಿಮೆ ಒಂದೇ ಆಧಾರದ ಮೇಲೆ ಮೂರು ನಿಮಿಷ ಕದಲದೆ ಕೂರುತ್ತದೆ. ಮೇಲೆ, ತುದಿಗೆ ತುದಿ ಅಂಟಿಸಿದ ಟೇಪಿನ ಕುಣಿಕೆಗಳಿಂದ ಹಕ್ಕಿಹಿಂಡಿನಂಥ ಚೀತ್ಕಾರ. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದಂತೆ ತನ್ನ ದನಿ ಬರಬೇಕು ಎಂದು ಲೆನನ್ ಹಟ ಹಿಡಿದ. ಆರ್ಗನ್ನಿನ ತಿರುಗುವ ಸ್ಪೀಕರಿನೊಳಗೆ ದನಿ ಹಾಯಿಸಿ ಅದನ್ನೂ ಮಾಡಿಕೊಟ್ಟರು. 1966ರ ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡ ಹಾಡು ಇದು; ಆಲ್ಬಮ್ಮಿನಲ್ಲಿ ಇದರ ಮುಂದೆ ಏನನ್ನೂ ಇಡಲಾಗಲಿಲ್ಲ.

ನನ್ನ ಕ್ಯಾಸೆಟ್ಟಿನಲ್ಲಿ ಇಟ್ಟಿದ್ದರು. ಒಂದು ಮಗ್ಗುಲಿಗೆ 45 ನಿಮಿಷ, ರಿವಾಲ್ವರ್ 35. ಉಳಿದ ಜಾಗ ಖಾಲಿ ಬಿಡಲು ಮನಸ್ಸಾಗದೆ ಅಂಗಡಿಯವರು ಅದೇ ಏಪ್ರಿಲ್‌ನಲ್ಲಿ ಮುದ್ರಿತವಾಗಿ ಸಿಂಗಲ್ಲಿನ ಹಿಂಬದಿಗೆ ಸೇರಿದ್ದ ‘ರೇನ್’ ತುಂಬಿಸಿದ್ದರು. ಎಳೆದಂತೆ ಸಾಗುವ ಗಿಟಾರು, ರಿಂಗೊನ ಎಡವಿ ಎಡವಿ ಬೀಳದ ಡ್ರಮ್, ಕೊನೆಯಲ್ಲಿ ಹಿಂದುಮುಂದಾಗಿ ಓಡುವ ಲೆನನ್‌ನ ದನಿ. ಮೇಲಿನ ಮತವನ್ನು ನಾನು ಯಾವ ರಿವಾಲ್ವರ್‌ಗೆ ಹಾಕಿದೆನೋ ಅದು ಬ್ರಿಟನ್ನಿನಲ್ಲೂ ಸಿಕ್ಕುವುದಿಲ್ಲ, ಅಮೆರಿಕದಲ್ಲೂ ಸಿಕ್ಕುವುದಿಲ್ಲ. ಸಿ.ಡಿ. ಹಾಕಿದಾಗ ಇಂದಿಗೂ ‘ಟುಮಾರೊ ನೆವರ್ ನೋಸ್’ ಕರಗುತ್ತಿದ್ದಂತೆ ರಿಂಗೊನ ಆ ಡ್ರಮ್ಮಿಗೆ ಕಿವಿ ನಿಮಿರುತ್ತದೆ. ತಟ್ಟೆ ತಿರುಗುವುದು ನಿಂತಿರುತ್ತದೆ.