‘ನಾನು ಹೋದ ಮೇಲೆ ಯಾರು?’

ಹೊರನಾಡಿನಲ್ಲಿ ಸಂಸಾರ ಮಾಡಿದವರಿಗೆ ಗೊತ್ತು: ಬಾಣಂತನಕ್ಕೆ ಊರಿನಿಂದ ಬಂದ ಅಜ್ಜಿ ಮೂರು ತಿಂಗಳಾದ ಮೇಲೆ ರೈಲು ಹತ್ತುತ್ತಾಳೆ. ಆಮೇಲೆ ತಾಯಿಯೊಬ್ಬಳೇ. ಆ ಮಗು ಹುಟ್ಟಿನಿಂದಲೇ ನಡೆಯಲಾರದ್ದಾದರೆ ಎತ್ತುವ, ಮೀಯಿಸುವ ಕೆಲಸಕ್ಕೆ ನಿವೃತ್ತಿಯೇ ಇಲ್ಲ. ಶೋನಾಲಿ ಬೋಸ್ ನಿರ್ದೇಶಿಸಿದ ‘ಮಾರ್ಗರಿಟಾ ವಿತ್ ಎ ಸ್ಟ್ರಾ’ (2014) ಚಿತ್ರವನ್ನು ನಾನು ಈ ತಾಯಿಯ ಕಡೆಯಿಂದ ನೋಡಿದೆ.

ಕಥೆ ನಡೆಯುವುದು ದೆಹಲಿಯಲ್ಲಿ. ಲೈಲಾಳಿಗೆ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿ ಬೇಕು, ಮಾತು ತೊಡರುತ್ತದೆ, ಬುದ್ಧಿ ಮಾತ್ರ ಚುರುಕು. ತಂದೆ ಸಿಖ್, ತಾಯಿ ಮರಾಠಿಯವಳು. ರೇವತಿ ಈ ತಾಯಿಯನ್ನು ಕಣ್ಣೀರಿನ ಗೊಂಬೆ ಮಾಡಿಲ್ಲ. ಅವಳು ವ್ಯಾನ್ ಓಡಿಸುತ್ತಾಳೆ, ಮಗಳ ಜೊತೆ ನ್ಯೂಯಾರ್ಕಿಗೆ ಹೋಗುತ್ತಾಳೆ, ಮಗಳ ಕಂಪ್ಯೂಟರಿನಲ್ಲಿ ಕಂಡದ್ದಕ್ಕೆ ಸಿಟ್ಟಾಗುತ್ತಾಳೆ. ದಿನಾ ಮೀಯಿಸುವ ಕೈಗೆ ಮಗಳ ಗುಟ್ಟು ಎಲ್ಲಿಂದ ಶುರು ಅನ್ನುವುದೇ ತಿಳಿಯದು. ಚಿತ್ರ ಇದನ್ನು ಹಿಡಿದದ್ದು ದೊಡ್ಡ ಗೆಲುವು.

ನನ್ನ ತಕರಾರು ಬೇರೆ. ಈ ಕಥೆಗೆ ಪ್ರೇರಣೆ ಬೋಸ್ ಅವರ ಸೋದರ ಸಂಬಂಧಿ ಮಾಲಿನಿ ಚಿಬ್. ಮಾಲಿನಿಯ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬೈಯಲ್ಲಿ ಇಂಥ ಮಕ್ಕಳಿಗಾಗಿಯೇ ಶಾಲೆ ತೆರೆದವರು; ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರು. ಮಗಳು ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಬರೆದ ಆತ್ಮಕಥೆ ‘ಒನ್ ಲಿಟ್ಲ್ ಫಿಂಗರ್’ 2010ರಲ್ಲಿ ಬಂತು. ನಿಜದ ತಾಯಿ ಮನೆಯ ಕಷ್ಟವನ್ನು ಊರಿನ ಮುಂದೆ ಇಟ್ಟರು. ಸಿನಿಮಾದ ತಾಯಿ ಅದನ್ನು ಮನೆಯೊಳಗೇ ಹೊತ್ತು, ಕ್ಯಾನ್ಸರಿನಿಂದ ತೀರಿಕೊಳ್ಳುತ್ತಾಳೆ. ಆಮೇಲೆ ಮಗಳು ತನ್ನನ್ನು ತಾನೇ ಒಪ್ಪಿಕೊಳ್ಳುವುದು ಚೆಂದವೇ. ಆದರೆ ನಾಳೆ ಬೆಳಿಗ್ಗೆ ಅವಳನ್ನು ಎತ್ತುವವರು ಯಾರು? ಚಿತ್ರ ಆ ಪ್ರಶ್ನೆಯ ಹತ್ತಿರ ನಿಲ್ಲುವುದೇ ಇಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ತಾಯಂದಿರು ನಮ್ಮನ್ನು ಕೇಳುತ್ತಿದ್ದದ್ದೂ ಇದನ್ನೇ: ‘ಸಾರ್, ನಾನು ಹೋದ ಮೇಲೆ ಯಾರು?’ ಖಾತೆಯ ಮಟ್ಟಿಗೆ ನಿಯಮದಲ್ಲಿ ಉತ್ತರವಿದೆ. ಸಹಿ ಹಾಕಲಾಗದವರ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಸಾಕು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಹಣ ಹೀಗೆ ಕೈಗೆ ಬರುತ್ತದೆ. ಆದರೆ ಸ್ನಾನದ ಮನೆಗೆ ಯಾವ ಸಾಕ್ಷಿಯೂ ಬರುವುದಿಲ್ಲವಲ್ಲ!

ಇಂಥ ತಾಯಿಯನ್ನು ಕಂಡರೆ ನಾವು ಊರಲ್ಲೂ ಹೊರನಾಡಲ್ಲೂ ‘ಮಹಾತಾಯಿ’ ಅಂದುಬಿಡುತ್ತೇವೆ. ಹೊಗಳಿಕೆ ಅಗ್ಗ, ಹೊಗಳಿದವರು ಹೊರೆಗೆ ಕೈ ಕೊಡಬೇಕಾಗಿಲ್ಲ. ಈ ಒಳ್ಳೆಯ ಚಿತ್ರ ಕೂಡ ತಾಯಿಯನ್ನು ಪ್ರೀತಿಸುತ್ತದೆ, ಅವಳ ಪ್ರಶ್ನೆಯನ್ನು ಮಾತ್ರ ಅವಳ ಜೊತೆಗೇ ಕಳಿಸಿಬಿಡುತ್ತದೆ. ಮಹಾತಾಯಿ ಅನ್ನುವ ಬದಲು ವಾರಕ್ಕೊಂದು ಮಧ್ಯಾಹ್ನ ಆ ಮಗುವಿನ ಹತ್ತಿರ ಕೂತರೆ, ಅವಳಿಗೆ ಎರಡು ಗಂಟೆ ನಿದ್ದೆಯಾದರೂ ಸಿಕ್ಕೀತು.